ನಾಲ್ಕನೇ ದನಿ

ಬಸವಕಲ್ಯಾಣದ ಕೋಟೆಗೆ ಬೆನ್ನು ಆನಿಸಿಕೊಂಡ ಓಣಿಯಲ್ಲಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಆ ಓಣಿಗೆ ಹೊಸದಾಗಿ ಬಂದವರು ಶಾಲೆಯ ಕಿಟಕಿಯ ಹತ್ತಿರ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ಒಳಗಿಂದ ಮೊದಲು ಒಬ್ಬ ಹಿರಿಯ ಹೆಂಗಸಿನ ದನಿ ಬರುತ್ತಿತ್ತು: “ಏ ನನ್ನ ಬಂಗಾರದ ಗುಂಡುಗಳ್ಯಾ, ಪಾಟಿ ಮ್ಯಾಲ ಆನಿ ತಗೀರಿ ಅಂದ್ರ ಹೆಗ್ಗಣ ತಗದೀರಲ್ಲ!”

ಅದರ ಬೆನ್ನಿಗೇ ಬಸ್ಸಿನ ಕಂಡಕ್ಟರನ ದನಿ: “ಸಸ್ತಾಪುರ ಬಂಗ್ಲಾ ಬಂತು, ಇಳಿಯವ್ರು ಇಳೀರಿ! ಬಸ್ಸಿನಾಗ ಐವತ್ತೆರಡು ಮಂದಿ, ಹದಿನೇಳು ಮಂದಿ ಇಳದ್ರು, ಉಳದವ್ರು ಎಷ್ಟು? ಲಗೂನ ಹೇಳ್ರಿ, ಡ್ರೈವರ್ ಬೀಡಿ ಆರಿಸ್ಯಾನ!”

ಕಂಡಕ್ಟರ್ ಸುಮ್ಮನಾಗುವುದರೊಳಗೆ ರೇಡಿಯೊ: “ವಾರ್ತೆಗಳು. ಭೂಮಿಯು ನಿನ್ನೆಯಂತೆ ಇಂದೂ ತನ್ನ ಸುತ್ತ ತಾನೇ ತಿರುಗಿದೆ. ಇದರಿಂದ ಹಗಲು ರಾತ್ರಿಗಳಾಗಿದ್ದು, ಯಾವುದೇ ಅನಾಹುತ ವರದಿಯಾಗಿಲ್ಲ.”

ಅಬ್ಬಾ, ಇಷ್ಟು ಸಣ್ಣ ಶಾಲೆಗೆ ಮೂವರು ಮಾಸ್ತರರೇ ಎಂದು ಬೆರಗಾಗಿ ಇಣುಕಿ ನೋಡಿದರೆ ಒಳಗೆ ಇರುತ್ತಿದ್ದವನು ಸಂಜುಕುಮಾರ ಒಬ್ಬನೇ. ತೆಳ್ಳಗಿನ ಆಳು, ಅಂಗಿಯ ತುಂಬ ಸೀಮೆಸುಣ್ಣ.

ಇದು ಮಜಾಕ್ಕೆಂದು ಶುರುವಾದದ್ದಲ್ಲ. ಶಾಲೆಗೆ ಮಂಜೂರಾದ ಹುದ್ದೆ ಎರಡು. ಮುಖ್ಯ ಗುರು ಗಯಾಬಾಯಿ ಟೀಚರ್ ಹಾರ ಹಾಕಿಸಿಕೊಂಡು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ಯಾರೂ ಬರಲಿಲ್ಲ. ಸಂಜುಕುಮಾರನಿಗೆ ಮುಖ್ಯ ಗುರುವಿನ ಪ್ರಭಾರ ಸಿಕ್ಕಿತು. ಪ್ರಭಾರ ಎಂಬ ಮಾತಿನಲ್ಲಿ ಮುಕ್ಕಾಲು ಪಾಲು ಭಾರವೇ ಇದೆ ಎಂಬುದು ಅವನಿಗೆ ಹೆಗಲಿಗೆ ಬಿದ್ದ ಮೇಲೆ ತಿಳಿಯಿತು. ಒಂದು ಕೋಣೆ ಸೋರುತ್ತಿದ್ದುದರಿಂದ ಐದೂ ತರಗತಿಗಳು, ಅಲ್ಲಿಯ ಮಾತಿನಲ್ಲಿ ಐದೂ ಇಯತ್ತೆಗಳು, ಇನ್ನೊಂದು ಕೋಣೆಗೇ ಬಂದು ಕೂತವು. ಗಯಾಬಾಯಿ ಟೀಚರ್ ಮಡಿಲಲ್ಲೇ ಅಕ್ಷರ ಕಲಿತಿದ್ದ ಸಣ್ಣ ಮಕ್ಕಳು ‘ಟೀಚರ್ ಎಲ್ಲಿ’ ಎಂದು ಒಬ್ಬರ ಹಿಂದೊಬ್ಬರು ರಾಗ ತೆಗೆದರು. ಬೆಲ್ಲ ಕೊಟ್ಟರೂ ನಿಲ್ಲದು, ಗದರಿದರೂ ನಿಲ್ಲದು. ಕೊನೆಗೆ ದಿಕ್ಕು ತೋಚದೆ ಸಂಜುಕುಮಾರ ಹಲಗೆಯ ಕಡೆ ತಿರುಗಿ, ಗಯಾಬಾಯಿ ಟೀಚರ್ ದನಿಯಲ್ಲೇ “ಯಾಕ ನನ್ನ ಬಂಗಾರದ ಗುಂಡುಗಳ್ಯಾ” ಎಂದುಬಿಟ್ಟ. ಅಳು ಠಪ್ಪನೆ ನಿಂತಿತು. ಮಕ್ಕಳಿಗೆ ಅದು ಸರ್ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಆ ದನಿಗೆ ಹತ್ತಿರ ಸರಿದು ಕೂತವು.

ಅಲ್ಲಿಂದ ದನಿಗಳಿಗೆ ಇಯತ್ತೆ ಹಂಚಿಕೆಯಾಯಿತು. ಒಂದರಿಂದ ಮೂರನೇ ಇಯತ್ತೆಯ ತನಕ ಗಯಾಬಾಯಿ, ನಾಲ್ಕಕ್ಕೆ ಕಂಡಕ್ಟರ್, ಐದಕ್ಕೆ ರೇಡಿಯೊ. ತಮ್ಮ ದನಿ ಕೇಳಿದರೆ ಮಾತ್ರ ತಲೆ ಎತ್ತುವುದು ಮಕ್ಕಳಿಗೆ ರೂಢಿಯಾಯಿತು. ಕಂಡಕ್ಟರ್ ಎಷ್ಟೇ ಅರಚಿದರೂ ಐದನೇ ಇಯತ್ತೆಯ ಸ್ನೇಹಲ್ ತನ್ನ ಪುಸ್ತಕದಿಂದ ಕಣ್ಣು ಕದಲಿಸುತ್ತಿರಲಿಲ್ಲ. ಅದು ಅವಳ ಬಸ್ಸಲ್ಲ.

ಹೀಗೆ ಒಂದೇ ಗಂಟಲಲ್ಲಿ ಮೂವರು ಬಿಡಾರ ಹೂಡಿದರೆ ಗಂಟಲಾದರೂ ಏನು ಮಾಡೀತು? ದನಿಯೂ ದಣಿಯುತ್ತದೆ. ದೀಪಾವಳಿ ದಾಟುವಷ್ಟರಲ್ಲಿ ಸಂಜೆಯಾಯಿತೆಂದರೆ ಅವನ ಬಾಯಿಂದ ಬರೀ ಗಾಳಿ ಬರತೊಡಗಿತು. ಮನೆಯಲ್ಲಿ ಎಲ್ಲ ಕೈಸನ್ನೆ.

“ಸಾಲ್ಯಾಗ ಮೂರು ದನಿ, ಮನ್ಯಾಗ ಒಂದೂ ಇಲ್ಲ,” ಎಂದಳು ಹೆಂಡತಿ ರೂಪಾಲಿ, ಅವನ ತಟ್ಟೆಗೆ ಜೋಳದ ರೊಟ್ಟಿ ಹಾಕುತ್ತ. “ನಾ ಏನು ಗ್ವಾಡಿ ಜೋಡಿ ಲಗ್ನ ಆಗೀನೇನ್ರಿ?”

ಅವನು ನಕ್ಕ. ನಗುವಿಗೂ ದನಿ ಬರಲಿಲ್ಲ. ರೂಪಾಲಿ ಹೆದರಿದಳು.

ಮರುವಾರ ಅವಳೇ ಅವನನ್ನು ತನ್ನ ತವರೂರು ಹುಮ್ನಾಬಾದಿಗೆ ಕರೆದೊಯ್ದು ಕಿವಿ-ಮೂಗು-ಗಂಟಲಿನ ಡಾಕ್ಟರ್ ಅಜೀಮುದ್ದೀನರ ಮುಂದೆ ಕೂರಿಸಿದಳು. ಡಾಕ್ಟರು ಬ್ಯಾಟರಿ ಬಿಟ್ಟು ಗಂಟಲಿನ ಆಳ ನೋಡಿದರು.

“ಮಾಸ್ಟರ್ ಸಾಬ್, ಗಂಟಲದಾಗ ಗಂಟು ಬರಾಕತ್ಯಾವ. ಇನ್ನಾ ಸಣ್ಣವು ಅವ. ಆರಾಮ ಕೊಟ್ರ ತಾವೇ ಕರಗ್ತಾವ. ಹಿಂಗೇ ಒದರಾಕತ್ತಿದ್ರ ದನಿ ಕಾಯಂ ಹೋಗ್ತದ ನೋಡ್ರಿ.”

“ಎಷ್ಟು ಮಾತಾಡಬಹುದ್ರಿ?” ಎಂದು ಸಂಜುಕುಮಾರ ಪಿಸುಗುಟ್ಟಿದ.

“ಒಬ್ಬ ಮನಷ್ಯಾ ಎಷ್ಟು ಮಾತಾಡ್ತಾನ, ಅಷ್ಟು.”

“ಇವ್ರು ಮೂರು ಮಂದಿ ಅದಾರ್ರಿ ಡಾಕ್ಟರ್,” ಎಂದಳು ರೂಪಾಲಿ.

ರಜೆ ಹಾಕಿ ಎಂದರು ಡಾಕ್ಟರು. ಅವನು ರಜೆ ಹಾಕಿದರೆ ಶಾಲೆಗೇ ರಜೆ. ಶಾಲೆ ಬಾಗಿಲು ಹಾಕಿಕೊಂಡಿತೆಂದರೆ ತಂದೆತಾಯಿಗಳು ಮಕ್ಕಳ ಕೈ ಹಿಡಿದು ಬೇರೆ ಕಡೆಗೆ ನಡೆಯುತ್ತಾರೆ, ಆಮೇಲೆ ಮಕ್ಕಳಿಲ್ಲ ಎಂದು ಶಾಲೆಯೇ ಇರುವುದಿಲ್ಲ. ಇನ್ನೊಬ್ಬ ಟೀಚರ್ ಬರಬೇಕು, ಇಲ್ಲವೇ ದನಿ ಹೋಗಬೇಕು. ನಡುವಿನ ದಾರಿ ಇರಲಿಲ್ಲ.

ದಾರಿ ಇತ್ತು ಎಂದು ರೂಪಾಲಿಯೇ ಪತ್ತೆ ಮಾಡಿದಳು. ಹುಮ್ನಾಬಾದಿನ ಕೆಲವು ನಿವೃತ್ತ ಶಿಕ್ಷಕರೂ ಅಂಗಡಿಕಾರರೂ ಸೇರಿ ‘ಸಾಲಿಗೆ ಸಾಥ್’ ಎಂಬ ಬಳಗ ಕಟ್ಟಿದ್ದರು. ಹುಮ್ನಾಬಾದ್, ಬಸವಕಲ್ಯಾಣ ಮತ್ತು ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಹೋಗಿ, ಎಲ್ಲಿ ಮಾಸ್ತರರು ಒದ್ದಾಡುತ್ತಿದ್ದಾರೋ ಅಲ್ಲಿಗೆ ತಾವೇ ಗೌರವಧನ ಕೊಟ್ಟು ಜೊತೆಗೊಬ್ಬ ಟೀಚರನ್ನು ಕಳಿಸುವುದು ಅವರ ಕೆಲಸ. ಬಳಗದ ಹಿರಿಯರು ಜಗದೇವಿ ಮೇಡಂ. ಅವರು ಬಸವಕಲ್ಯಾಣಕ್ಕೂ ಬರುವವರಿದ್ದರು.

“ಬಾಯಿ ಬಿಟ್ಟು ಕೇಳ್ರಿ,” ಎಂದಳು ರೂಪಾಲಿ. “ಕೇಳ್ತೀರಿಲ್ಲೋ?”

ಸಂಜುಕುಮಾರ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಆದರೆ ಮಾಸ್ತರಿಕೆಯ ರೂಢಿ ಆಣೆಗಿಂತ ಹಳೆಯದು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಯಾಬಾಯಿ ಟೀಚರ್ ಹೇಳಿಕೊಟ್ಟ ಮೊದಲ ಪಾಠವೇ ಇದು: “ತಮ್ಮಾ, ಯಾರರ ಬ್ಯಾಗ್ ಹಾಕ್ಕೊಂಡು ಸಾಲಿ ನೋಡಾಕ ಬಂದ್ರು ಅಂದ್ರ ಕನ್ಯಾ ನೋಡಾಕ ಬಂದಂಗ ತಿಳಿ. ಕನ್ಯಾಕ್ಕ ಕೆಮ್ಮು ಇದ್ದದ್ದು ಬೀಗರ ಮುಂದ ಹೇಳ್ತಾರೇನು? ಒಳಗ ಛಾವಣಿ ಸೋರಲಿ, ಹೊರಗ ಅತ್ತರ ಹೊಡಿ.”

ಜಗದೇವಿ ಮೇಡಂ ನಾಳೆ ಬರುತ್ತಾರೆ ಎಂದು ಫೋನು ಬಂದದ್ದೇ ತಡ, ಕೈಕಾಲು ತಾವಾಗಿಯೇ ಅತ್ತರ ಹೊಡೆಯತೊಡಗಿದವು. ಸೋರುವ ಕೋಣೆಗೆ ಬೀಗ ಬಿತ್ತು. ಅಂಗಳಕ್ಕೆ ರಂಗೋಲಿ ಬಿತ್ತು. ಹುಡಗಿ ಎಂಬ ಊರಿನ ಶಾಲೆಯಲ್ಲಿದ್ದ ಗೆಳೆಯನ ಕಡೆಯಿಂದ ಬೈಕಿನ ಮೇಲೆ ಒಂದು ಗ್ಲೋಬು ಬಂತು. ಬೆಳಿಗ್ಗೆ ಸಂಜುಕುಮಾರ ಅರಿಶಿನದ ಬಿಸಿಹಾಲು ಕುಡಿದ, ಒಣಶುಂಠಿ ಜಗಿದ, ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿದ.

ಜಗದೇವಿ ಮೇಡಂ ಬಂದು ಬಾಗಿಲಲ್ಲಿ ನಿಂತಾಗ ಮೂವರೂ ಒಟ್ಟಿಗೆ ಕೆಲಸಕ್ಕಿಳಿದರು. ಗಯಾಬಾಯಿ ಮುದ್ದಿಸಿದಳು. ಕಂಡಕ್ಟರ್ ಚಿಲ್ಲರೆ ಕೇಳಿದ. ರೇಡಿಯೊ, ತುಂಗಭದ್ರೆಯು ಎಂದಿನಂತೆ ಹರಿಯುತ್ತಿರುವುದನ್ನು ಖಚಿತಪಡಿಸಿತು. ಮಕ್ಕಳು ತಮ್ಮ ತಮ್ಮ ದನಿಗೆ ತಕ್ಕಂತೆ ತಲೆ ಎತ್ತಿದವು, ತಗ್ಗಿಸಿದವು. ಮೇಡಂ ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಳ್ಳುವ ತನಕ ನಕ್ಕರು.

“ನನ್ನ ಜಿಂದಗಿದಾಗ ಇಂಥಾ ಕ್ಲಾಸ್ ನೋಡಿಲ್ರಿ ಸರ್! ಈಗ ಹೇಳ್ರಿ, ನಿಮಗ ಏನರ ತಕಲೀಫ್ ಅದೇನು? ಏನರ ಬೇಕೇನು?”

ಕೇಳಬೇಕಾದ ಗಳಿಗೆ ಅದೇ. ಸಂಜುಕುಮಾರ ಬಾಯಿ ತೆರೆದ. ಆದರೆ ಒಳಗಿಂದ ಬಂದದ್ದು ಕನ್ಯೆಯ ತಂದೆ.

“ಏನಿಲ್ರಿ ಮೇಡಂ. ನಿಮ್ಮ ಆಶೀರ್ವಾದ, ಎಲ್ಲಾ ಛಲೋ ಅದ.”

ಬಿಸಿಯೂಟದ ದ್ರೌಪತಿ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಶಾಲೆಯ ಮಾನ ತನ್ನ ಮಾನ ಎಂದುಕೊಂಡವಳು. ಅವಳೂ ದನಿಗೂಡಿಸಿದಳು: “ನಮ್ ಸರ್ ಒಬ್ರು ಇದ್ರ ಹತ್ತು ಮಂದಿ ಇದ್ದಂಗ ಬಿಡ್ರಿ ಮೇಡಂ, ಬಿಲ್ಕುಲ್ ಏನೂ ಕಮ್ಮಿ ಇಲ್ಲ!”

“ಹೌದ್ರಿ, ಕಾಣ್ತದಲ್ಲ,” ಎಂದು ಮೇಡಂ ಖುಷಿಯಿಂದ ಬ್ಯಾಗು ಹೆಗಲಿಗೇರಿಸಿ ಹೊರಟೇ ಹೋದರು. ಅಂದು ಸಂಜೆಯೇ ಫೋನು ಮಾಡಿದರು: ಮುಂದಿನ ಶನಿವಾರ ಮಧ್ಯಾಹ್ನ ಹುಮ್ನಾಬಾದಿನಲ್ಲಿ ಎರಡೂ ಊರಿನ ಶಿಕ್ಷಕರ ಸಭೆ. ಒಬ್ಬರೇ ಐದು ಇಯತ್ತೆ ನಡೆಸುವುದು ಹೇಗೆ ಎಂಬುದನ್ನು ಸಂಜುಕುಮಾರ ಸರ್ ಎಲ್ಲರಿಗೂ ಮಾಡಿ ತೋರಿಸಬೇಕು.

“ಏನಂದ್ರಿ ಆಕಿಗಿ?” ರೂಪಾಲಿ ಸೊಂಟದ ಮೇಲೆ ಕೈ ಇಟ್ಟಳು.

“ಎಲ್ಲಾ ಛಲೋ ಅದ ಅಂದೆ.”

“ಹಸದವನ್ನ ಊಟಕ್ಕ ಕರದ್ರ ತೇಗಿ ತೋರ್ಸಿದಂಗ ಆತಲ್ರಿ! ಈಗ ಏನು, ನಿಮ್ಮನ್ನ ನೋಡಿ ಉಳದ ಮಾಸ್ತರ್ರೂ ಒಬ್ಬೊಬ್ರೇ ಐದೈದು ಇಯತ್ತೆ ಹೊತ್ಕೊಂಡು ಗಂಟಲ ಹರ್ಕೋಬೇಕೇನು?”

ಆ ಮಾತು ಅವನಿಗೆ ಡಾಕ್ಟರ ಮಾತಿಗಿಂತ ಹೆಚ್ಚು ನಾಟಿತು.

ಶನಿವಾರ ಇಬ್ಬರೂ ಬಸ್ಸು ಹತ್ತಿದರು. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿಗೆ ಬಿತ್ತು. ಎರಡೂ ಬದಿ ತೊಗರಿ ಒಣಗಿ ಕಟಾವಿಗೆ ನಿಂತಿತ್ತು. ಕಂಡಕ್ಟರ್ ಸೀಟಿನಿಂದ ಸೀಟಿಗೆ ಬಂದು ಮೆಲ್ಲಗೆ “ಟಿಕೀಟ್ರಿ” ಎನ್ನುತ್ತ ಮಿಷನ್ನಿನ ಗುಂಡಿ ಒತ್ತಿ ಚೀಟಿ ಹರಿದು ಕೊಡುತ್ತಿದ್ದ.

“ನೋಡ್ರಿ,” ರೂಪಾಲಿ ಮೊಣಕೈಯಿಂದ ತಿವಿದಳು, “ಖರೇ ಕಂಡಕ್ಟರ್ ಎಷ್ಟು ಮೆತ್ತಗ ಅದಾನ. ನಿಮ್ಮವನಿಗೇ ಯಾಕ ಇಷ್ಟು ಬೆಂಕಿ ಬಿದ್ದದ?”

ಹುಮ್ನಾಬಾದಿನ ಸಭಾಂಗಣ ತುಂಬಿತ್ತು. ಹುಡಗಿ, ಮನ್ನಾಏಖೇಳ್ಳಿ, ಚಿಟಗುಪ್ಪದ ಕಡೆಯಿಂದಲೂ ಕೆಲವರು ಬಂದಿದ್ದರು. ಮುಂದಿನ ಸಾಲಿನಲ್ಲಿ ಹುಮ್ನಾಬಾದಿನ ಹಿರಿಯ ಮುಖ್ಯ ಗುರು ಮಹಾರುದ್ರಪ್ಪ ಸರ್ ಕೂತಿದ್ದರು. ಅವರನ್ನು ಅರಿಯದವರಿಲ್ಲ. ಅವರ ದನಿ ಹೋಗಿ ಎಷ್ಟೋ ವರ್ಷವಾಗಿತ್ತು. ಈಗ ಅವರು ಮಾತಾಡಿದರೆ ತಗಡಿನ ಮೇಲೆ ಜಲ್ಲಿ ಎಳೆದಂತೆ ಕೇಳುತ್ತಿತ್ತು. ಶಿಕ್ಷಕರ ಕೂಟಗಳಲ್ಲಿ ಆ ದನಿಯನ್ನು ಅಣಕಿಸುವುದು ಒಂದು ಹಳೆಯ ತಮಾಷೆ. ಅಣಕಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದವನು ಸಂಜುಕುಮಾರನೇ. ಮಹಾರುದ್ರಪ್ಪ ಸರ್ ಕೂಡ ನಗುತ್ತಿದ್ದರು.

ಜಗದೇವಿ ಮೇಡಂ ಸಭಿಕರನ್ನೇ ಮೂರು ಪಾಲು ಮಾಡಿ ಸಣ್ಣ ಮಕ್ಕಳು, ನಾಲ್ಕನೇ ಇಯತ್ತೆ, ಐದನೇ ಇಯತ್ತೆ ಎಂದು ಕೂರಿಸಿದರು. ಬೋಳುತಲೆಯ ಮಾಸ್ತರರೊಬ್ಬರು ಆಗಲೇ ‘ಟೀಚರ್, ಇಂವ ಚೂಟಾಕತ್ತಾನ್ರಿ’ ಎಂದು ಪಕ್ಕದವರ ಮೇಲೆ ಚಾಡಿ ಹೇಳಿ ನಗಿಸಿದರು. ಸಂಜುಕುಮಾರ ವೇದಿಕೆ ಹತ್ತಿದ. ಗಯಾಬಾಯಿ ಬಂದಳು, ಸಭೆ ನಕ್ಕಿತು. ಕಂಡಕ್ಟರ್ ಬಂದ, ಸಭೆ ಸೀಟಿ ಹೊಡೆಯಿತು. ಆದರೆ ಕಂಡಕ್ಟರ್ ಇಳಿಯುವಾಗಲೇ ಗಂಟಲಿನಲ್ಲಿ ಏನೋ ಕಿತ್ತುಬಂದಂತಾಯಿತು. “ವಾರ್ತೆಗಳು...” ಎಂದು ಬಾಯಿ ತೆರೆದರೆ ರೇಡಿಯೊ ಗೊರಗೊರ ಎಂದು ಅಡಗಿಹೋಯಿತು.

ಅವನು ಸಭೆಯ ಕೊನೆಯ ಸಾಲಿನಲ್ಲಿ ನಿಂತಿದ್ದ ರೂಪಾಲಿಯ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಸಂಜುಕುಮಾರ ಮೈಕನ್ನು ತುಟಿಗೆ ಹತ್ತಿರ ಎಳೆದುಕೊಂಡ.

“ನನಗ... ಆಗವಲ್ದ್ರಿ,” ಎಂದ. ದನಿ ಒಡೆದು, ಸೀಳಿ, ಅರ್ಧ ಗಾಳಿಯಾಗಿ ಹೊರಬಂತು. “ನಮ್ಮ ಸಾಲಿಗಿ ಇನ್ನೊಬ್ರು ಟೀಚರ್ ಬೇಕ್ರಿ. ಒಬ್ನಿಂದ ಆಗವಲ್ದು.”

ಸಭಾಂಗಣ ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

“ಮಹಾರುದ್ರಪ್ಪ ಸರ್!” ಎಂದು ಯಾರೋ ಕೂಗಿದರು. “ಡಿಟ್ಟೋ ಮಹಾರುದ್ರಪ್ಪ ಸರ್! ವ್ಹಾ ರೇ ವ್ಹಾ ಪಠ್ಠೇ!”

“ಇನ್ನೊಮ್ಮೆ! ಇನ್ನೊಮ್ಮೆ ಆಗ್ಲಿ!”

ಸಂಜುಕುಮಾರ ಕೈ ಆಡಿಸಿದ. ಅಲ್ಲ ಅಲ್ಲ ಎಂದ. ಅದೂ ಅದೇ ಒಡಕು ದನಿಯಲ್ಲಿ ಬಂದುದರಿಂದ ನಗೆ ಇನ್ನೂ ಏರಿತು. ಜಗದೇವಿ ಮೇಡಂ ಮತ್ತೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಊರಿನವರ ದನಿಯೆಲ್ಲ ತೆಗೆಯಬಲ್ಲವನಿಗೆ ತನ್ನ ಸಂಕಟವನ್ನು ತನ್ನದೆಂದು ನಂಬಿಸುವುದು ಸಾಧ್ಯವಾಗಲಿಲ್ಲ.

ಆಗ ಮುಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಮಹಾರುದ್ರಪ್ಪ ಸರ್ ಎದ್ದು ನಿಂತಿದ್ದರು. ಅವರ ಮಾತು ಕೇಳಿಸಬೇಕಾದರೆ ಉಳಿದವರು ಸುಮ್ಮನಾಗಲೇಬೇಕು; ಸಭೆ ಸುಮ್ಮನಾಯಿತು.

“ನಗಬ್ಯಾಡ್ರಿ,” ಎಂದರು ಅವರು. ಜಲ್ಲಿ ತಗಡಿನ ಮೇಲೆ ನಿಧಾನಕ್ಕೆ ಸರಿಯಿತು. “ನನ್ನ ದನಿ ನನಗ ಗೊತ್ತಿಲ್ಲೇನು? ಇಂವ ನನ್ನ ನಕಲು ಭಾಳ ಸಲ ಮಾಡ್ಯಾನ, ಇದು ಅದಲ್ಲ. ನನ್ನ ದನಿ ಪೂರಾ ಹೋಗೂಕಿಂತ ಮೊದಲ ಹಿಂಗೇ ಸೀಳಿತ್ತು. ಆವಾಗ ಯಾರ ಕೇಳಿದ್ರೂ ‘ಏನಿಲ್ರಿ, ಜರಾ ಥಂಡಿ ಆಗ್ಯಾದ’ ಅಂತಿದ್ದೆ. ಈತ ಬೇಕ್ರಿ ಅಂತ ಕೇಳ್ಯಾನಲ್ಲ, ಅದು ಮಾತ್ರ ನಾ ಎಂದೂ ಕೇಳಿಲ್ಲ.”

ಜಗದೇವಿ ಮೇಡಂ ಕನ್ನಡಕವನ್ನು ಕೈಯಲ್ಲೇ ಹಿಡಿದು ವೇದಿಕೆಯ ಹತ್ತಿರ ಬಂದರು.

“ಸರ್, ಖರೇನು?”

ಸಂಜುಕುಮಾರ ತಲೆಯಾಡಿಸಿದ.

“ಮತ್ತ ನಾ ನಿಮ್ಮ ಸಾಲಿಗಿ ಬಂದಾಗ ಎಲ್ಲಾ ಛಲೋ ಅದ ಅಂದ್ರಲ್ಲ?”

“ನೀವು ಬ್ಯಾಗ್ ಹಾಕ್ಕೊಂಡು ಬಂದಿದ್ರಿ ಮೇಡಂ,” ಎಂದ ಅವನು ಪಿಸುದನಿಯಲ್ಲಿ.

ಮೇಡಂ ತಮ್ಮ ಬ್ಯಾಗು ನೋಡಿಕೊಂಡರು. ಆಮೇಲೆ ಹಣೆ ಚಚ್ಚಿಕೊಂಡರು. “ಅಯ್ಯ ನನ್ನ ಬುದ್ಧೀನ! ಮೂವತ್ತು ವರ್ಷ ನಾನೂ ಬ್ಯಾಗ್ ಕಂಡ ಕೂಡ್ಲೇ ಎಲ್ಲಾ ಛಲೋ ಅದ ಅಂತ ಅಂದಾಕಿನೇ ಅಲ್ಲೇನು! ರಿಟೈರ್ ಆದ ಕೂಡ್ಲೇ ನಾನೂ ಬ್ಯಾಗ್ ಹಾಕ್ಕೊಂಡು ಹೊಂಟೆ ನೋಡ್ರಿ.” ಅವರು ಸಭೆಯ ಕಡೆ ತಿರುಗಿದರು. “ಬಸವಕಲ್ಯಾಣಕ್ಕ ಅಂತ ತಬಸ್ಸುಮ ಟೀಚರ್‌ನ ತಯಾರ್ ಮಾಡಿ ಇಟ್ಟೀನಿ. ಹೋದ ಸಾಲ್ಯಾಗೆಲ್ಲ ಏನೂ ಬ್ಯಾಡ್ರಿ ಏನೂ ಬ್ಯಾಡ್ರಿ ಅಂದ್ರು. ಯಾರಿಗೂ ಬ್ಯಾಡಂದ್ರ ಆ ಹುಡುಗಿನ್ನ ನಮ್ಮ ಆಫೀಸಿನಾಗ ಫೋನ್ ಎತ್ತಾಕ ಕೂಡ್ಸಬೇಕಂತ ಮಾಡಿದ್ದೆ. ತಬಸ್ಸುಮಾ, ಎಲ್ಲಿದ್ದೀಯವ್ವ?”

ಬಾಗಿಲ ಹತ್ತಿರದಿಂದ ಒಂದು ಕೈ ಮೇಲೆದ್ದಿತು. “ಇಲ್ಲೇ ಅದೀನ್ರಿ ಮೇಡಂ. ಸೋಮವಾರನೇ ಹೋಗ್ಲೇನ್ರಿ?”

ಸಂಜುಕುಮಾರ ಮೈಕಿನ ಕಂಬ ಹಿಡಿದು ವೇದಿಕೆಯ ಅಂಚಿಗೇ ಕೂತುಬಿಟ್ಟ. ಹೆಗಲ ಮೇಲೆ ಕೂತಿದ್ದ ಮೂವರೂ ಒಬ್ಬರ ಹಿಂದೊಬ್ಬರು ಇಳಿದು, ಮೆಟ್ಟು ಹಾಕಿಕೊಂಡು, ಬರ್ತೀವಪಾ ಎಂದು ಹೊರಟಂತೆ ಮೈ ಹಗುರಾಯಿತು.

ಒಬ್ಬ ಬಾಯಿ ಬಿಟ್ಟರೆ ಉಳಿದವರ ಬಾಯಿಗೆ ಬೀಗ ಎಲ್ಲಿಯದು? ಸಣ್ಣ ಮಕ್ಕಳ ಪಾಲಿನಲ್ಲಿ ಕೂತಿದ್ದ ಬೋಳುತಲೆಯವರು ಎದ್ದು, “ಮೇಡಂ, ನೀವು ನಮ್ಮಲ್ಲಿ ಬಂದಾಗ ತೋರ್ಸಿದ ಗ್ಲೋಬು ನಮ್ಮದಲ್ರಿ. ಹುಡಗಿಯಿಂದ ತಂದಿದ್ವಿ,” ಎಂದರು.

“ಹುಡಗಿದೂ ಅಲ್ಲ ಬಿಡ್ರಿ,” ಎಂದರು ಹಿಂದಿನಿಂದ ಒಬ್ಬ ಟೀಚರ್. “ನಾವು ಚಿಟಗುಪ್ಪದಿಂದ ತಂದಿಟ್ಟಿದ್ವಿ.”

“ಅದು ಚಿಟಗುಪ್ಪಕ್ಕ ಬಂದದ್ದು ಮನ್ನಾಏಖೇಳ್ಳಿಯಿಂದ ಅಲ್ಲೇನ್ರಿ?”

ಮೇಡಂ ಹೋದಲ್ಲೆಲ್ಲ ಅವರಿಗಿಂತ ಮುಂಚೆ ಬೈಕ್ ಹತ್ತಿ ಹೋಗಿ ಕಾದು ಕೂತದ್ದು ಒಂದೇ ಭೂಮಂಡಲ ಎಂಬುದು ಅಲ್ಲಿ ಬಯಲಾಯಿತು. ಭೂಮಿ ತನ್ನ ಸುತ್ತ ತಿರುಗುವುದಷ್ಟೇ ಅಲ್ಲ, ಮೂರು ತಾಲ್ಲೂಕಿನ ಸುತ್ತಲೂ ತಿರುಗುತ್ತಿತ್ತು. ಈ ಸಲ ಎದ್ದ ನಗೆಯಲ್ಲಿ ಮಹಾರುದ್ರಪ್ಪ ಸರ್ ದನಿಯೂ ಸೇರಿತು. ಜಗದೇವಿ ಮೇಡಂ ಬ್ಯಾಗನ್ನು ಕುರ್ಚಿಯ ಕೆಳಗೆ ದೂಡಿ, “ಒಬ್ಬೊಬ್ರೇ ಹೇಳ್ರಿ, ಖರೇ ಹೇಳ್ರಿ, ಸಂಜಿ ತನಕ ಕುಂತಿರ್ತೀನಿ,” ಎಂದರು.

ಸಂಜುಕುಮಾರ ಕೆಳಗಿಳಿದು ಬಂದು ಮಹಾರುದ್ರಪ್ಪ ಸರ್ ಕಾಲು ಮುಟ್ಟಹೋದ. ಅವರು ಅರ್ಧಕ್ಕೇ ಹಿಡಿದೆತ್ತಿ, ಕಿವಿಯ ಹತ್ತಿರ ಬಾಯಿ ತಂದರು: “ಗಂಟಲ ಆರಾಮಾದ ಮ್ಯಾಲ ನಂದು ಒಮ್ಮೆ ಮಾಡಿ ತೋರ್ಸಬೇಕಪಾ. ಉಳದವ್ರು ಮಾಡಿದ್ರ ನನ್ನಂಗ ಆಗಂಗಿಲ್ಲ.”

ಬಸ್ ಸ್ಟ್ಯಾಂಡಿನಲ್ಲಿ ಗಂಡ ಹೆಂಡತಿ ಚಹಾ ಕುಡಿದರು. ಸಂಜುಕುಮಾರ ಏನೋ ಹೇಳಲು ಬಾಯಿ ತೆರೆದ. ರೂಪಾಲಿ ತುಟಿಯ ಮೇಲೆ ಬೆರಳಿಟ್ಟಳು. “ಇವತ್ತಿಂದು ಆತು. ಉಳದದ್ದು ನನಗ ಬೇಕು, ಕೂಡಿ ಇಡ್ರಿ.”

ಸೋಮವಾರ ತಬಸ್ಸುಮ ಟೀಚರ್ ಬಂದಳು. ಸೋರುವ ಕೋಣೆಯ ಬೀಗ ತೆಗೆಸಿ, ಸೋರದ ಅರ್ಧವನ್ನು ಗುಡಿಸಿ, ಒಂದರಿಂದ ನಾಲ್ಕರ ತನಕದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಛಾವಣಿಗೆ ತಗಡು ಹಾಕಿಸುತ್ತೇವೆಂದು ಬಳಗದವರು ಮಾತು ಕೊಟ್ಟಿದ್ದರು. ಸಣ್ಣ ಮಕ್ಕಳು ಮೊದಲಿಗೆ ಪರೀಕ್ಷೆ ಮಾಡಿದವು.

“ಟೀಚರ್, ಗಯಾಬಾಯಿ ದನಿ ತಗೀರಿ!”

“ನನಗ ಇರೂದು ಒಂದೇ ದನಿ,” ಎಂದಳು ತಬಸ್ಸುಮ, “ಅದೂ ಚಾಹ್ ಕುಡದ ಮ್ಯಾಲೇ ಬರ್ತದ. ಮೊದಲ ನೀವು ಒಬ್ಬೊಬ್ರೇ ನಿಮ್ಮ ನಿಮ್ಮ ದನಿ ತೋರಸ್ರಿ ನೋಡೋಣು.” ಅಷ್ಟಕ್ಕೇ ಅವು ಅವಳ ಪಾಲಾದವು.

ಈಚೆಯ ಕೋಣೆಯಲ್ಲಿ ಐದನೇ ಇಯತ್ತೆ ಮಾತ್ರ ಉಳಿಯಿತು. ಸಂಜುಕುಮಾರ ಹಲಗೆಯ ಮುಂದೆ ನಿಂತು ಒಂದು ಕ್ಷಣ ಗಲಿಬಿಲಿಗೊಂಡ. ಯಾವ ದನಿಯಲ್ಲಿ ಶುರು ಮಾಡುವುದು? ಒದರಬೇಕಾಗಿರಲಿಲ್ಲ. ಯಾರೂ ಆಗಬೇಕಾಗಿರಲಿಲ್ಲ.

“ಭೂಮಿ ತಿರುಗ್ತದ ಅಂತ ಹೇಳಿದ್ದೆ,” ಎಂದ ಮೆಲ್ಲಗೆ. “ತಿರುಗೂದು ನಮಗ್ಯಾಕ ಗೊತ್ತಾಗಂಗಿಲ್ಲ?”

ಮಕ್ಕಳು ತಲೆ ಎತ್ತಲಿಲ್ಲ. ಅದು ಅವರ ದನಿಯಲ್ಲ. ಸ್ನೇಹಲ್ ಒಬ್ಬಳು ಅನುಮಾನದಿಂದ ಕಣ್ಣೆತ್ತಿದಳು.

“ಸರ್, ಇದು ಯಾರ ದನಿರಿ?”

“ನಂದೇ ಅದವ್ವ.”

“ಖರೇನೇ?” ಅವಳು ಸ್ವಲ್ಪ ಹೊತ್ತು ತೂಗಿ ನೋಡಿದಳು. “ಜರಾ ಸಣ್ಣದು ಅದ್ರಿ.”

“ಹೌದು. ಹತ್ರ ಬರ್ರಿ.”

ಮಕ್ಕಳು ಚಾಪೆಗಳನ್ನು ಎಳೆದುಕೊಂಡು ಅವನ ಸುತ್ತ ಬಂದು ಕೂತವು. ಅವನೂ ಅವರ ನಡುವೆಯೇ ನೆಲಕ್ಕೆ ಕೂತ. ಗಂಟಲು ಇನ್ನೂ ಸ್ವಲ್ಪ ಉರಿಯುತ್ತಿತ್ತು, ಆದರೆ ಮಾತು ತನ್ನಷ್ಟಕ್ಕೆ ತಾನು ಬರುತ್ತಿತ್ತು.

ಹೊರಗೆ ಓಣಿಯಲ್ಲಿ ಕಾಯಿಪಲ್ಲೆಯ ಗಾಡಿಯವನು ಶಾಲೆಯ ಮುಂದೆ ಬಂದು ಅಭ್ಯಾಸದಂತೆ ನಿಂತ. ಕಿವಿಗೊಟ್ಟ. ಮುದುಕಿ ಇಲ್ಲ, ಬಸ್ಸಿಲ್ಲ, ರೇಡಿಯೊ ಇಲ್ಲ.

“ಯಾಕಬೇ ದ್ರೌಪತಕ್ಕಾ,” ಎಂದು ರಜೆಯೆಂದುಕೊಂಡು ಕೂಗಿದ, “ಇವತ್ತ ಸಾಲಿ ಸೂಟಿ ಏನು?”

ಬೇಳೆ ಆರಿಸುತ್ತ ಕೂತಿದ್ದ ದ್ರೌಪತಿ ಮೊರದಿಂದ ತಲೆ ಎತ್ತದೆ ಬಾಯಿಗೆ ಬೆರಳು ಇಟ್ಟಳು.

“ಸೂಟಿ ಅಲ್ಲೋ ಯಣ್ಣಾ. ಸುಮ್ನಿರು, ಸರ್ ಮಾತಾಡಾಕತ್ತಾರ.”